ಬಿಚ್ಚುವ ಹೊಲಿಗೆ

ಲೀಡ್ಸಿಗೆ ಬಂದ ಮೊದಲ ಸೋಮವಾರ
ಮೇಲ್ವಿಚಾರಕಿ ಡೋರಿಸ್ ಹಾರ್ಟ್ಲಿ ನನ್ನ ಬೆರಳು ನೋಡಿ
‘ಬೇಸ್ಟಿಂಗ್’ ಅಂದಳು, ಬೆಂಚು ತೋರಿಸಿದಳು.
ನನಗಿದ್ದ ಇಂಗ್ಲಿಷು ಹನ್ನೊಂದು ಮಾತು,
ಅದರಲ್ಲಿ ನಾಲ್ಕು ಕ್ಯಾಂಪಿನ ಕ್ಯೂನಲ್ಲಿ ಕಲಿತದ್ದು.
ಹನ್ನೆರಡನೆಯದನ್ನು ಬಾಯಲ್ಲಿಟ್ಟುಕೊಂಡು ಕೂತೆ
ಗುಂಡುಸೂಜಿ ಕಚ್ಚಿಕೊಂಡ ಹಾಗೆ.

ಕೆಲಸ ಇಷ್ಟೇ: ಕೋಟಿನ ಎದೆಯೊಳಗಿನ ಕ್ಯಾನ್ವಾಸು ಜರುಗದಂತೆ
ಬಿಳಿ ಹತ್ತಿನೂಲಲ್ಲಿ ಉದ್ದುದ್ದ ಟಾಕು.
ಕೊನೆಗೆ ಗಂಟಿಲ್ಲ.
ಗಂಟು ಹಾಕಿ ಮೊದಲ ದಿನವೇ ಬೈಸಿಕೊಂಡೆ.
ಮಷೀನಿನವರು ಗಟ್ಟಿ ಹೊಲಿಗೆ ಹಾಕಿ ಮುಗಿಸಿದ ಮೇಲೆ
ಮೂಲೆಯಲ್ಲಿ ಕೂತ ಹುಡುಗಿಯೊಬ್ಬಳು
ಮೂಳೆಯ ದಬ್ಬಳದಿಂದ ನನ್ನ ನೂಲನ್ನೆಲ್ಲ ಎಳೆದು ಹಾಕುವಳು.
ಸಂಜೆ ನೆಲದ ತುಂಬ ನೂಲು,
ನನ್ನ ಇಡೀ ದಿನ, ಪೊರಕೆಯ ಮುಂದೆ.
ಅಂಗಡಿಯಲ್ಲಿ ಕೋಟು ತೊಟ್ಟ ಗಂಡಸು
ಭುಜ ಎಷ್ಟು ಸರಿ ಕೂತಿದೆ ಎಂದು ಹಿಗ್ಗುವಾಗ
ನಾನಲ್ಲಿದ್ದ ಗುರುತಿಗೆ ಒಂದು ತೂತೂ ಉಳಿದಿರುವುದಿಲ್ಲ.

ನಮ್ಮ ಕಡೆ ನೂಲಿಗೆ ದಿಯೆಗ್ಸ್ ಅನ್ನುತ್ತಾರೆ.
ಲಿಯೆಪಾಯದಲ್ಲಿ ಅಮ್ಮ ನನ್ನ ಕೋಟಿನ ಅಂಚಿನೊಳಗೆ
ಎರಡು ಬೆಳ್ಳಿ ಚಮಚ ಇಟ್ಟು ಹೊಲಿದದ್ದು ಇಂಥದೇ ಟಾಕಿನಲ್ಲಿ.
‘ಬಿಚ್ಚುವುದು ಸುಲಭ. ಹದಿನೈದು ದಿನದ ಮಾತು’ ಅಂದಿದ್ದಳು.
ಐದು ವರ್ಷವಾಗಿತ್ತು.
ಒಂದು ಚಮಚ ಲ್ಯೂಬೆಕ್ಕಿನಲ್ಲಿ ಆಲೂಗಡ್ಡೆಯಾಯಿತು.
ಉಳಿದದ್ದು, ನಡೆಯುವಾಗ, ಮೊಣಕಾಲಿಗೆ ತಾಗುತ್ತಿತ್ತು.

ಭಾನುವಾರ, ಬಾಡಿಗೆಮನೆಯ ಮಿಸೆಸ್ ಹೆಪ್‌ವರ್ತ್
ಇಬ್ಬರ ರೇಷನ್ನು ಕೂಡಿಸಿ ತಂದ ಅಂಗೈಯಗಲದ ಮಾಂಸವನ್ನು
ಅವನ್ನಿಗಿಟ್ಟು ನನ್ನ ಕಡೆ ತಿರುಗಿದಳು:
‘ವೆಲ್ಟಾ, ಕಾಲುಗಂಟೆಗೊಮ್ಮೆ ಬೇಸ್ಟ್ ಮಾಡು.’
ನಾನು ಸೂಜಿ ತರಲು ಮಹಡಿಗೆ ಓಡಿದೆ.
ಆಕೆ ನಕ್ಕ ನಗೆಗೆ ಹಲ್ಲುಸೆಟ್ಟು ಸಡಿಲಾಯಿತು.
ಆಮೇಲೆ ಕಲಿಸಿದಳು: ಬಾಗಿಲು ತೆರೆ, ಟ್ರೇ ವಾಲಿಸು,
ಮೂಲೆಗೆ ಸೇರಿದ ಕೊಬ್ಬನ್ನು ಚಮಚದಲ್ಲಿ ಬಳಿದು
ಮಾಂಸದ ಬೆನ್ನಿಗೆ ಸುರಿ.
ಇಳಿದು ಹೋಗುತ್ತದೆ. ಹೋಗಲಿ. ಮತ್ತೆ ಸುರಿ.
ಅದರದೇ ಬೆವರು, ಅದಕ್ಕೇ ಸ್ನಾನ.
ನಿಲ್ಲದ ನೂಲು, ನಿಲ್ಲದ ಕೊಬ್ಬು.
ಎರಡೂ ಒಂದೇ ಬೇರಿನ ಮಾತೋ ಏನೋ ನನಗೆ ತಿಳಿಯದು,
ಆದರೂ ಭಾಷೆಯೊಂದು ಅಂದು ಮೊದಲ ಸಲ
ನನ್ನತ್ತ ಕಣ್ಣು ಮಿಟುಕಿಸಿದಂತಿತ್ತು.

ಮೂರನೆಯ ಅರ್ಥ ಗೋಡೆಯಾಚೆಯಿಂದ ಬಂತು.
ನವೆಂಬರು, ಪಬ್ಬು ಮುಚ್ಚಿದ ಹೊತ್ತು.
ಪಾತ್ರೆ ಬಿದ್ದ ಸದ್ದು. ಆಮೇಲೆ ಮೆತ್ತಗಿನದರ ಮೇಲೆ ಬಿದ್ದ ಸದ್ದು.
ಮಿಸೆಸ್ ಹೆಪ್‌ವರ್ತ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ
‘ಕ್ಲಿಫ್, ಐವಿಯನ್ನು ಬೇಸ್ಟ್ ಮಾಡ್ತಿದಾನೆ’ ಅಂದಳು.
ನಗಬೇಕೇನೋ ಎಂದು ಮುಖ ನೋಡಿದೆ.
ನಗುವಂಥದಲ್ಲ.
ಐವಿ ಕದ ತಟ್ಟದೆ ಒಳಗೆ ಬಂದಾಗ ಕಂಡೆ:
ಈ ಅರ್ಥ ಮಾತ್ರ
ಕೆನ್ನೆಯ ಮೇಲೆ ನಿಂತಿತ್ತು.

ಅವಳ ಕೋಟಿನ ತೋಳು ಭುಜದಿಂದ ಕಿತ್ತುಬಂದಿತ್ತು.
ಹಲ್‌ಗೆ ಹೋಗುವ ರೈಲಿಗೆ ಐವತ್ತು ನಿಮಿಷ.
ಅಲ್ಲಿ ಅಕ್ಕನಿದ್ದಾಳೆ. ಅಕ್ಕನ ಗಂಡ ಮೀನುಹಡಗಿನವ,
ಮನೆಯಲ್ಲಿರುವುದೇ ಕಡಿಮೆ.
ಮಿಸೆಸ್ ಹೆಪ್‌ವರ್ತ್ ಅವಳ ಕೈ ಹಿಡಿದು ಕೂತಳು.
ಕೋಟು ಕಳಚಲು ಐವಿ ಒಪ್ಪಲಿಲ್ಲ.
ಮೈಮೇಲಿದ್ದಂತೆಯೇ ಹೊಲಿದೆ,
ಜೇಬಿನಲ್ಲಿ ಸದಾ ಇರುತ್ತಿದ್ದ ಬಿಳಿ ನೂಲಿನಿಂದ,
ಕಪ್ಪು ಬಟ್ಟೆಯ ಮೇಲೆ, ಉದ್ದುದ್ದ,
ಊರಿಗೆಲ್ಲ ಕಾಣುವಂತೆ.
ಇದು ಸದ್ಯಕ್ಕೆ, ಅಲ್ಲಿ ಸರಿಯಾಗಿ ಹೊಲಿಸಿಕೋ ಎನ್ನಲು
ನನ್ನ ಬಳಿ ಇಂಗ್ಲಿಷು ಇರಲಿಲ್ಲ.
ಕೊನೆಗೆ ಬಂದಾಗ
ಡೋರಿಸ್ ಹಾರ್ಟ್ಲಿ ಕಲಿಸಿದ್ದನ್ನು ಮೀರಿ
ಗಂಟು ಹಾಕಿದೆ.
ಒಂದರ ಮೇಲೊಂದು, ಮೂರು. ಹಲ್ಲಿನಿಂದ ನೂಲು ಕಡಿದೆ.

ಟ್ರಾಮು ಹೋದ ಮೇಲೆ ಅವನ್ನಿನ ನೆನಪಾಯಿತು.
ಯಾರೂ ಸುರಿಯದ ಮಾಂಸ ಬೂಟಿನ ಅಟ್ಟೆಯಂತೆ ಒಣಗಿತ್ತು.
ವಾರದ ರೇಷನ್ನು, ಬಿಸಾಡುವಂತಿಲ್ಲ.
ನಾವಿಬ್ಬರೂ ನೀರು ಕುಡಿಕುಡಿದು ಅಗಿದೆವು.