ಹೊಂಬಾಳಮ್ಮನ ಉದ್ದ

ಕೊಪ್ಪಲಿನ ಹಾಲಿನ ಡೈರಿ, ಹಿಂದಿನ ಕೋಣೆ.
ಕ್ಯಾನುಗಳು ಲಾರಿ ಹತ್ತಿ ಹೋಗಿವೆ,
ನೆಲ ತೊಳೆದ ನೀರು ಹೊಸಿಲಲ್ಲೇ ನಿಂತಿದೆ.
ಮದ್ದೂರಿನ ಬಸ್ಸಿಳಿದು ಬಂದ ನಾನು
ಐದೇಗೌಡರ ಕುರ್ಚಿಯಲ್ಲಿ ಕೂತಿದ್ದೇನೆ.
ಅವರು ನಿವೃತ್ತರು.
ಕುರ್ಚಿಯ ಬೆನ್ನಿಗೆ ಕಟ್ಟಿದ ಟವಲು ಇನ್ನೂ ಸರ್ವಿಸಿನಲ್ಲಿದೆ.

ಹಾಳೆಯಲ್ಲಿ ಇನ್ನೂರ ಹದಿನಾಲ್ಕು ಸಾಲು.
ಒಬ್ಬಳೇ ಜವರಮ್ಮ ಮೂರು ಕಡೆ ಇದ್ದಾಳೆ:
ಒಮ್ಮೆ ಗೋಡೆಗೊರಗಿ,
ಒಮ್ಮೆ ಎರಡು ಹೆಜ್ಜೆ ಒಳಗೆ ಸರಿದು,
ಒಮ್ಮೆ ಅರ್ಧ ಹೆಸರು ಮೇಲೆ, ಅರ್ಧ ಕೆಳಗೆ
ಮೆಟ್ಟಿಲು ಇಳಿಯುತ್ತಿರುವಂತೆ.
ಪಕ್ಕದ ಕಾಲಮ್ಮಿನಲ್ಲಿ ಗಂಡಂದಿರು.
ಕೆಲವರ ಹಿಂದೆ ಕೋಂ, ಕೆಲವರ ಹಿಂದೆ ಕೊಂ ಚುಕ್ಕಿ,
ಒಬ್ಬನ ಹಿಂದೆ ಮಾತ್ರ ಪೂರ್ತಿ ಮರ್ಯಾದೆಯಿಂದ
‘ಇವರ ಧರ್ಮಪತ್ನಿ’.

ಮೊದಲು ಕ್ಲೀನ್. ಜವರಮ್ಮ ಮೆಟ್ಟಿಲಿಳಿದು ನೆಲಕ್ಕೆ ಬಂದಳು.
ಆಮೇಲೆ ಸಬ್‌ಸ್ಟಿಟ್ಯೂಟ್: ಕೊಂ ಇದ್ದಲ್ಲಿ ಕೋಂ,
ಧರ್ಮಪತ್ನಿಯೂ ಕೋಂ. ಬೇಜಾರಾಯಿತು, ಮಾಡಿದೆ.
ಆಮೇಲೆ ಟ್ರಿಮ್.
ಹುರುಳಿಕಾಯಿಯ ಎರಡು ತುದಿ ಮುರಿದು
ನಾರು ಎಳೆದ ಹಾಗೆ
ಹಿಂದುಮುಂದಿನ ಖಾಲಿಯೆಲ್ಲ ಕಿತ್ತುಕೊಂಡು ಬಂತು.
ಕೋಂಗೂ ಗಂಡನಿಗೂ ನಡುವೆ ಒಂದನ್ನು ಬಿಟ್ಟಿತು,
ಗಾಳಿಯಾಡಲಿ ಅಂತ.

ಕೆಲವು ಖಾಲಿಗಳು ಜಪ್ಪಯ್ಯ ಅನ್ನಲಿಲ್ಲ.
ಕೋಡ್ ಕೇಳಿದರೆ ನೂರ ಅರವತ್ತು ಅನ್ನುತ್ತವೆ,
ಖಾಲಿಯ ವೇಷ ಹಾಕಿದ ಬೇರೆ ಯಾರೋ.
ಒಕ್ಕೂಟ ಕಳಿಸಿದ ಪಟ್ಟಿಯಿಂದ ಅಂಟಿ ಬಂದವು,
ಎಮ್ಮೆ ಬಾಲಕ್ಕೆ ಹತ್ತಿದ ಉತ್ತರಾಣಿ.
ಅವನ್ನು ಸಂಖ್ಯೆ ಹಿಡಿದು ಕರೆದೇ ಕಳಿಸಬೇಕು.

ಪ್ರಾಪರ್‌ಗೆ ಇಲ್ಲಿ ಕೆಲಸವಿಲ್ಲ.
ದೊಡ್ಡತಾಯಮ್ಮ, ಚಿಕ್ಕತಾಯಮ್ಮ,
ನಮ್ಮ ಲಿಪಿಯಲ್ಲಿ ಇಬ್ಬರ ತಲೆಯೂ ಒಂದೇ ಎತ್ತರ.

ಕೊನೆಗೆ, ನಕಲು ತೆಗೆ ಅಂದೆ.
ಇಪ್ಪತ್ತಮೂರು ಹೋದವು, ಉಳಿದದ್ದು ನೂರ ತೊಂಬತ್ತೊಂದು.
ಬೀರುವಿನ ಪಾಸ್‌ಬುಕ್ಕು ಎಣಿಸಿದೆ,
ನೂರ ತೊಂಬತ್ತೆರಡು.
ಮತ್ತೆ ಎಣಿಸಿದೆ. ಕಾಫಿ ತರಿಸಿ ಎಣಿಸಿದೆ.
ಸದಸ್ಯ ಸಂಖ್ಯೆಯ ಕಾಲಮ್ಮನ್ನು ಐದೇಗೌಡರು ತುಂಬಿದವರೇ ಅಲ್ಲ,
ಅವರಿಗೆ ಮುಖ ಗೊತ್ತಿತ್ತು.

ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುವಿ
ಒಂದೊಂದು ಹೆಸರಿನ ಉದ್ದ ಕೇಳಿದೆ.
ಹೊಂಬಾಳಮ್ಮ, ಕೋಂ ಬೋರೇಗೌಡ.
ಬಾಯಿಗೆ ನಾಲ್ಕು ಅಕ್ಷರ; ಲೆನ್ ಹೇಳಿತು ಒಂಬತ್ತು,
ಕೊಂಬು, ಸೊನ್ನೆ, ಒತ್ತು ಎಲ್ಲ ಲೆಕ್ಕ ಹಿಡಿದು.
ಹನ್ನೆರಡು ಸಾಲು ಕೆಳಗೆ
ಹೊಂಬಾಳಮ್ಮ, ಕೋಂ ಬೋರೇಗೌಡ.
ಹತ್ತು.

ಫೋನು ಮಾಡಿದೆ. ಮಂಡ್ಯದ ಮಗಳ ಮನೆಯಲ್ಲಿ
ಐದೇಗೌಡರು ಎಲೆಅಡಿಕೆ ಉಗಿದು ಬಂದು ಹೇಳಿದರು:
‘ಅದಾ? ನಾಲೆ ಕಡೆಯೋಳಿಗೆ ಕೊನೇಲಿ
ಒಂದು ಖಾಲಿ ಮಡಗಿದ್ದೆ ಕಣಪ್ಪ, ಗುರ್ತಿಗೆ.
ಇಲ್ದಿದ್ರೆ ಇವಳ ಹಾಲಿನ ದುಡ್ಡು ಅವಳ ಖಾತೆಗೆ ಓಯ್ತದೆ.
ಹನ್ನೊಂದು ವರ್ಸ, ಒಂದು ದಿನ ತೆಪ್ಪಿಲ್ಲ.’

ಅಂದರೆ ಒಬ್ಬ ಹೆಂಗಸು
ಹನ್ನೊಂದು ವರ್ಷ, ದಿನಕ್ಕೆರಡು ಸರದಿ,
ಕಾಣದ ಒಂದು ತುಣುಕಿನ ಮೇಲೆ ಬಿಂದಿಗೆ ಇಟ್ಟು ನಿಂತಿದ್ದಳು.
ನಾನು ಅದನ್ನು ಗುಡಿಸಿದ್ದೆ.

ಹೊಸ ಕಾಲಂ ಹಾಕಿ, ಗುರುತು ಅಂತ ತಲೆಬರಹ ಕೊಟ್ಟೆ.
ಮೇಲಿನವಳಿಗೆ: ತಿಪ್ಪೆ ಪಕ್ಕ.
ಕೆಳಗಿನವಳಿಗೆ: ನಾಲೆ ಏರಿ.
ಸಂಜೆ ಸರದಿಗೆ ಬಂದ ಮೇಲಿನವಳು ಚೀಟಿ ಓದಿಸಿಕೊಂಡು
‘ಅವ್ಳಿಗೆ ನಾಲೆ, ನಂಗೆ ತಿಪ್ಪೆಯಾ?
ಬಾಗ್ಲಲ್ಲಿ ಅಷ್ಟು ದೊಡ್ಡ ನುಗ್ಗೇಮರ ಐತೆ, ಕಣ್ಣು ಕಾಣ್ದಾ?’

ತಿದ್ದಿದೆ. ನುಗ್ಗೇಮರ.
ಹಾಲು ಅಳೆದು, ಡಿಗ್ರಿ ನೋಡಿ, ಬರೆದುಕೊಂಡೆ.
ಅವಳ ಹಿಂದೆ ಇನ್ನೂ ಒಂಬತ್ತು ಬಿಂದಿಗೆ,
ಆಮೇಲೆ ಸ್ವಲ್ಪ ಜಾಗ ಬಿಟ್ಟು
ಇನ್ನೊಬ್ಬ ಹೊಂಬಾಳಮ್ಮ.