ಸರಿ ಬೆಸ

ಮೂವತ್ತೆರಡು ಡಿವಿಡಿ ಸುಟ್ಟು, ಮೇಲೆ ಹೆಸರು ಬರೆದು,
ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದೆ.
ಮೂರನೇ ದಿನ ಸೆಲ್ವರಾಜ್ ಮಾಸ್ತರು
ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದರು:
"ನಿಂತ ಹುಡುಗಿಯರೆಲ್ಲ ಚೆನ್ನಾಗಿದ್ದಾರೆ ಕಣಪ್ಪ,
ಓಡುವವರಿಗೆ ಮಾತ್ರ ಚಳಿಜ್ವರ."

ಅರಸೀಕೆರೆ ರೈಲ್ವೆ ಕಾಲೊನಿ ಮೈದಾನ,
ಹೆಣ್ಣುಮಕ್ಕಳ ಕಬಡ್ಡಿ, ಫೈನಲ್ಲು.
ಇನಾಯತಣ್ಣ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು
ಎರಡು ಟೇಪು ತುಂಬ ಹಿಡಿದದ್ದು.
ಹಾಕಿ ನೋಡಿದೆ.
ದಾಕ್ಷಾಯಿಣಿ ಹೆಜ್ಜೆ ಇಡುತ್ತಾಳೆ,
ಕೂದಲೆಳೆಯಷ್ಟು ಹಿಂದಕ್ಕೆ ಜಗ್ಗುತ್ತಾಳೆ, ಮತ್ತೆ ಇಡುತ್ತಾಳೆ,
ಯಾರೋ ಜಡೆ ಹಿಡಿದು ಆಟ ಆಡಿಸುವ ಹಾಗೆ.
ಅಂಗಡಿಯ ಕಂಪ್ಯೂಟರಿನಲ್ಲಿ ಇದು ಕಂಡಿರಲಿಲ್ಲ.
ಸುಳ್ಳು. ಕಂಡಿತ್ತು.
ಬೀಸಿದ ಕೈಯಂಚಿಗೆ ಬಾಚಣಿಗೆಯ ಹಲ್ಲು ಮೂಡಿತ್ತು.
ಕರೆಂಟು ಹೋಗುವುದರೊಳಗೆ ಮುಗಿಯಲಿ ಅಂತ
ಟೀವಿಯಲ್ಲಿ ಸರಿಹೋಗುತ್ತೆ ಬಿಡು ಅಂದುಕೊಂಡಿದ್ದೆ.

ಕೇಳು ಲೋಹಿತ, ಈ ಕುರ್ಚಿಗೆ ನೀನು ಹೊಸಬ.
ಟೇಪಿನೊಳಗೆ ಇಡೀ ಚಿತ್ರ ಅನ್ನುವುದೇ ಇಲ್ಲ.
ಅರ್ಧ ಇದೆ. ಇನ್ನರ್ಧ ಇದೆ.
ಸರಿ ಸಾಲುಗಳು ಒಂದು ಗಳಿಗೆಯವು,
ಬೆಸ ಸಾಲುಗಳು ಮರುಗಳಿಗೆಯವು,
ನಡುವೆ ಸೆಕೆಂಡಿನ ಐವತ್ತನೇ ಒಂದು ಪಾಲು.
ನಮ್ಮಜ್ಜಿ ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು
ಸರಿಯೋ ಬೆಸವೋ ಅಂತ ಕೇಳುತ್ತಿದ್ದಳು.
ಈ ಡಬ್ಬಿಯೂ ಕೇಳುತ್ತೆ, ಒಂದೇ ಒಂದು ಸಲ,
ಪಟ್ಟಿಯ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ:
ಮೊದಲು ಯಾವುದು? ಮೇಲಿನದೋ, ಕೆಳಗಿನದೋ?
ಇನಾಯತಣ್ಣನ ಕ್ಯಾಮೆರಾ ಕೆಳಗಿನದನ್ನು ಮೊದಲು ಬರೆಯುತ್ತೆ.
ನಾನು ಮೇಲಿನದು ಅಂದೆ.
ಯೋಚಿಸಿ ಅಲ್ಲ, ಅಭ್ಯಾಸಬಲ.

ಹಾಸನದ ಗಾಡಿ ಬರುವ ಮೊದಲೇ
ನಮ್ಮೂರಿನದನ್ನು ಅದೇ ಹಳಿಗೆ ಬಿಟ್ಟರೆ ಏನಾಗುತ್ತೆ?
ಮಾಸ್ತರು ನಲವತ್ತು ವರ್ಷ ಬಾವುಟ ಹಿಡಿದವರು,
ಅವರಿಗೆ ಇಷ್ಟು ಹೇಳಿದ್ದೇ ಸಾಕಾಯಿತು.

ಟೇಪಿನಲ್ಲಿದ್ದದ್ದು:

ಬೆರಳು ಗೆರೆಯ ಕಡೆ ಹೊರಟಿದೆ
    ಬೆರಳು ಗೆರೆಯ ಹತ್ತಿರ ಬಂದಿದೆ
ಧೂಳು ಇನ್ನೂ ನೆಲದಲ್ಲಿದೆ
    ಧೂಳು ಮೊಳಕಾಲಿಗೆ ಎದ್ದಿದೆ
ಬಾಯಲ್ಲಿ ಕಬಡ್
    ಡಿ

ನಾನು ಸುಟ್ಟದ್ದು:

    ಬೆರಳು ಗೆರೆಯ ಹತ್ತಿರ ಬಂದಿದೆ
ಬೆರಳು ಗೆರೆಯ ಕಡೆ ಹೊರಟಿದೆ
    ಧೂಳು ಮೊಳಕಾಲಿಗೆ ಎದ್ದಿದೆ
ಧೂಳು ಇನ್ನೂ ನೆಲದಲ್ಲಿದೆ
    ಡಿ
ಬಾಯಲ್ಲಿ ಕಬಡ್

ತಪ್ಪು ತಿದ್ದಲು ಅವತ್ತು ರಾತ್ರಿ ಏನೇನೋ ಮಾಡಿದೆ.
ಎರಡೂ ಅರ್ಧಗಳನ್ನು ಕಲಸಿದೆ.
ದಾಕ್ಷಾಯಿಣಿಗೆ ನಾಲ್ಕು ಕೈ ಬಂದವು, ಎರಡು ಹೊಗೆಯವು.
ಚೌಕಟ್ಟು ಕುಗ್ಗಿಸಿದೆ.
ಸಾಲುಗಳು ಒಂದರೊಳಗೊಂದು ಹೂತು
ಬಾಚಣಿಗೆ ಈಗ ಚೂರುಚೂರು, ಹಲ್ಲು ಎಲ್ಲೆಲ್ಲೂ.
ಕೊನೆಗೆ ಸರಿಯನ್ನು ಇಟ್ಟುಕೊಂಡು ಬೆಸವನ್ನು ಬಿಸಾಕಿದೆ.
ನಡುಕ ನಿಂತಿತು. ಎಷ್ಟು ನುಣುಪು! ಮಲಗಲು ಹೊರಟೆ.

ಆಮೇಲೆ ನೆನಪಾಯಿತು, ಆ ಕೊನೆಯ ರೈಡು.
ಒಂದೇ ಪಾಯಿಂಟಿಗೆ ಸೋತಿದ್ದರು.
ಐದು ಜನ ಅವಳ ಕಾಲಿನ ಮೇಲೆ,
ಗೆರೆ ಮುಟ್ಟಿದೆ ಅಂತ ಅವಳು, ಇಲ್ಲ ಅಂತ ರೆಫ್ರಿ.
ಹುಡುಕಿದೆ. ಸರಿ ಸಾಲುಗಳಲ್ಲಿ
ಬೆರಳಿಗೂ ಸುಣ್ಣಕ್ಕೂ ನಡುವೆ ಒಂದು ಎಳ್ಳು ಹಿಡಿಸುವಷ್ಟು ಜಾಗ.
ಬಿಸಾಕಿದ ಅರ್ಧವನ್ನು ತಂದು ನೋಡಿದೆ.
ಅಲ್ಲಿ ಜಾಗವಿಲ್ಲ.

ಬೆಳಿಗ್ಗೆ ಏನನ್ನೂ ಕಲಸದೆ, ಏನನ್ನೂ ಬಿಸಾಕದೆ,
ಕೆಳಗಿನದು ಮೊದಲು ಅಂತಷ್ಟೇ ಒತ್ತಿ,
ಅಳಿಸಿ ಬರೆಯುವ ಒಂದು ಡಿಸ್ಕು ಸುಟ್ಟು,
ಬೆನ್ನುಬ್ಬಿದ ಹಳೇ ಟೀವಿಗೆ ಹಾಕಿದೆ.
ದಾಕ್ಷಾಯಿಣಿ ಎಣ್ಣೆಯ ಹಾಗೆ ಓಡಿದಳು.

ಮಾಸ್ತರು ರಿಮೋಟು ಇಸಕೊಂಡು
ಸರಿಯಾಗಿ ಅಲ್ಲೇ ನಿಲ್ಲಿಸಿದರು.
ನಿಲ್ಲಿಸಿದ ಚಿತ್ರ ಮಾತ್ರ ನಿಲ್ಲಲಿಲ್ಲ.
ಮುಟ್ಟಿದೆ, ಮುಟ್ಟಿಲ್ಲ, ಮುಟ್ಟಿದೆ, ಮುಟ್ಟಿಲ್ಲ,
ಸೆಕೆಂಡಿಗೆ ಇಪ್ಪತ್ತೈದು ಸಲ.
"ಈ ನಡುಕವನ್ನೂ ತೆಗೆಯಲಾ ಮಾಸ್ತರೇ?"
ಅವರು ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು.
"ಇರಲಿ ಬಿಡು" ಅಂದರು. "ಇದೊಂದು ನಿನ್ನ ತಪ್ಪಲ್ಲ."

ಅದಕ್ಕೇ ಹೇಳುವುದು ಲೋಹಿತ,
ಪರೀಕ್ಷೆಗೆ ಓಡುವವರನ್ನು ಹಾಕಿ ನೋಡು.
ವೇದಿಕೆ ಮೇಲೆ ಹಾರ ಹಾಕಿಸಿಕೊಂಡು ಕೂತವರು
ಯಾವ ಕ್ರಮದಲ್ಲಿ ಸುಟ್ಟರೂ ಚೆನ್ನಾಗೇ ಬರುತ್ತಾರೆ.