ಎರಡು ಪಾಲು

ಕುಕ್ಕೋಲದಲ್ಲಿ ಸೀಕ ಮೀನು ಹಿಡಿಯುವುದು ಹೀಗೆ:
ಮೊರೆವ ನೀರಿನ ಮೇಲೆ ಚಾಚಿದ ಮರದ ಅಟ್ಟಣಿಗೆ,
ತುದಿಯಲ್ಲಿ ಒಬ್ಬ, ಕೈಯಲ್ಲಿ ಮೂರಾಳುದ್ದದ ಕೋಲುಬಲೆ.
ಮುಳುಗಿಸು, ಹರಿವಿನ ಜೊತೆ ಬಿಡು, ಎತ್ತು.
ಮುಳುಗಿಸು, ಬಿಡು, ಎತ್ತು.
ಆ ಜುಲೈಯಲ್ಲಿ, ರೌನೋ, ನಿನ್ನ ಎಡಗಾಲು
ಒಂದು ಹಲಗೆಯಷ್ಟು ತಡವಾಗಿ ಬಂತು.

ಹಲಗೆ ಜಾರುತ್ತೆ, ಅಂದೆ.
ಮರುವರ್ಷವೂ ಹಲಗೆಯದೇ ತಪ್ಪು.
ಮೂರನೆಯ ವರ್ಷ ಅಮ್ಮ ಯಾರನ್ನೂ ಕೇಳದೆ
ಹಲಗೆಗಳನ್ನೆಲ್ಲ ಹೊಸದು ಮಾಡಿಸಿದಳು.

ಉಮೆಯೊ ಆಸ್ಪತ್ರೆಯಲ್ಲಿ ಡಾಕ್ಟರ್ ಗುನ್ವೋರ್
ಊಟದ ಚೀಟಿಯ ಹಿಂಬದಿಗೆ ಬರೆದು ತೋರಿಸಿದಳು.
ಉಸಿರಿನ ಒಲೆಯಿಂದ ಕಿಡಿ ಸಿಡಿಯುತ್ತಲೇ ಇರುತ್ತದೆ,
ನಿನ್ನಲ್ಲಿ, ನನ್ನಲ್ಲಿ, ಹೊರಗೆ ಹಿಮ ಗೋರುವವನಲ್ಲಿ:
ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಹೊತ್ತ ಆಮ್ಲಜನಕ,
ಬಿಟ್ಟರೆ ಜೀವಕೋಶಕ್ಕೆ ಒಳಗಿನಿಂದ ತುಕ್ಕು.
ಅದನ್ನು ಹಿಡಿದು ತಣಿಸಲು ಒಂದು ಕಿಣ್ವ,
ಎದೆಯಲ್ಲಿ ಚೂರು ತಾಮ್ರ, ಚೂರು ಸತು.

ನನಗೆ ಅರ್ಥವಾದದ್ದು ಅಮ್ಮನ ಪೆರಾಕ್ಸೈಡ್ ಬಾಟಲಿ.
ಕೊಡಲಿ ತಾಗಿದ ನಿನ್ನ ಹೆಬ್ಬೆರಳಿಗೆ ಸುರಿದಾಗ
ಬುಸ್ಸನೆ ಎದ್ದ ಬಿಳಿ ನೊರೆ.
"ಗಾಯ ಮಾತಾಡ್ತಿದೆ, ಸುಮ್ಮನಿರು" ಅಂದಿದ್ದಳು.
ಆ ನೊರೆಯೂ ಕಿಣ್ವದ್ದೇ ಕೆಲಸವಂತೆ, ಇನ್ನೊಂದರದು.
ಮೊದಲನೆಯದು ಕಿಡಿಯನ್ನು ಪೆರಾಕ್ಸೈಡ್ ಮಾಡಿ ದಾಟಿಸುತ್ತದೆ,
ಎರಡನೆಯದು ಅದನ್ನು ನೀರು ಮಾಡಿಬಿಡುತ್ತದೆ.
ಬರೀ ನೀರು.

ಹಾಗಾದರೆ ಇವನ ಕಾವಲುಗಾರ ಮಲಗಿದ್ದನೇ, ಕೇಳಿದೆ.
ಇಲ್ಲ. ಅಳೆದು ನೋಡಿದ್ದಾರೆ.
ಕೆಲಸ ಹೆಚ್ಚುಕಡಿಮೆ ಎಲ್ಲರಷ್ಟೇ.
ಹೇಳುತ್ತ ಗುನ್ವೋರ್ ಪೆನ್ನಿನ ಮುಚ್ಚಳ
ಹಾಕಿದಳು, ತೆಗೆದಳು, ಹಾಕಿದಳು.

ಬೇಲಿ ಎದ್ದು ಹೊಲ ಮೇಯಲಿಲ್ಲ, ರೌನೋ.
ಬೇಲಿ ನಿಂತಲ್ಲೇ ನಿಂತು ಹಗಲಿರುಳು ಕಾದು
ಒಂದೊಂದೇ ಗೂಟ ಮಡಿಕೆ ತಪ್ಪಿ ಒಳಕ್ಕೆ ಬಾಗಿ
ಮುಳ್ಳಿಗೆ ಮುಳ್ಳು ಸಿಕ್ಕಿ, ಕಂಟಿ ಬೆಳೆದು,
ಹೊಲಕ್ಕೆ ಹೋಗುವ ದಾರಿ ಮುಚ್ಚಿತು.
ಬೆನ್ನಹುರಿಯಿಂದ ಪಾದದವರೆಗೆ
ಒಂದೇ ಎಳೆಯಾಗಿ ಚಾಚಿದ ನರ,
ಮೈಯೊಳಗಿನ ನಿನ್ನ ಕೋಲುಬಲೆ,
ಮೊದಲು ಸೋತದ್ದು ಅದು.
ಯಾಕೆ ನರವೇ, ಯಾಕೆ ಚರ್ಮವಲ್ಲ, ಕೂದಲಲ್ಲ?
"ಗೊತ್ತಿಲ್ಲ" ಅಂದಳು.
ಆ ದಿನ ನಾನು ನಂಬಿದ ಮಾತು ಅದೊಂದೇ.

ಹೊಳೆಯ ಮೀನನ್ನು ಸಂಜೆ ಮನೆಗಿಷ್ಟೆಂದು ಹಂಚುವುದು
ನಮ್ಮ ಅಜ್ಜಂದಿರ ಕಾಲದ ಲೆಕ್ಕ, ಈಗಲೂ ತಪ್ಪಿಲ್ಲ.
ಇದನ್ನು ಹಂಚಿದವರು ಯಾರೋ.
ಅಪ್ಪನಲ್ಲಿ ಒಂದು ಪಾಲು, ಅಮ್ಮನಲ್ಲಿ ಒಂದು,
ಇಬ್ಬರೂ ಗುಂಡುಕಲ್ಲು.
ನನಗೆ ಒಂದು.
ನಿನಗೆ ಎರಡು.
ಫಲಿತಾಂಶ ಬಂದ ರಾತ್ರಿ ಅಮ್ಮ
ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು.
ನಾನು ಒರೆಸಿದೆ. ನೀನು ಕೂತಲ್ಲಿಂದಲೇ
ಅವಳ ಹಳೇ ಹಾಡಿಗೆ ಸಿಳ್ಳೆ ಹಾಕಿದೆ, ಶ್ರುತಿ ತಪ್ಪಿಸಿ, ಬೇಕೆಂದೇ.

ಈಗ ಒಂಬತ್ತನೆಯ ಬೇಸಿಗೆ. ಅಟ್ಟಣಿಗೆಯ ಬುಡದಲ್ಲಿ
ನಿನ್ನ ಗಾಲಿಕುರ್ಚಿಗೆ ಎರಡು ಕಲ್ಲು ಅಡ್ಡ ಕೊಟ್ಟಿದ್ದೇನೆ.
ತುದಿಯಲ್ಲಿ ನಾನು. ಕೋಲು ಭಾರ, ಹೊಳೆ ಕೆಂಗಂದು.
ಮಧ್ಯರಾತ್ರಿಯಾದರೂ ಸೂರ್ಯ ಕೆಳಗಿಳಿಯಲೊಲ್ಲ.
ನೀನು ನೀರನ್ನು ನೋಡುತ್ತೀ, ನಾನು ನೋಡದ ಹಾಗೆ.
"ಎತ್ತು" ಅನ್ನುತ್ತೀ.
ನನ್ನ ಕೈ ಪ್ರತಿಸಲವೂ
ಒಂದು ಹಲಗೆಯಷ್ಟು ತಡ.